ಬೆಲ್‌ಗ್ರೇಡ್ 1970: ಬಿ3 ಆಡಿ 17 ನಡೆಗೆ ಸೋತ ಲಾರ್ಸನ್

ಚೆಸ್‌ನಲ್ಲಿ ಮೊದಲ ನಡೆಗೇ ಬಿ3 (ಬಿ ಸಾಲಿನ ಕಾಲಾಳನ್ನು ಒಂದು ಮನೆ ಮುಂದೆ) ಆಡುವವರನ್ನು ನೋಡಿದರೆ ಒಂದು ಆಟವನ್ನು ನೆನಪಿಸುವವರು ಯಾವಾಗಲೂ ಇರುತ್ತಾರೆ. 1970ರ ಬೆಲ್‌ಗ್ರೇಡ್, ಲಾರ್ಸನ್ ಬಿಳಿ, ಸ್ಪಾಸ್ಕಿ ಕಪ್ಪು, 17 ನಡೆಗೆ ಆಟ ಖಲಾಸ್. "ನೋಡಿ, ಬಿ3 ಆಡಿದರೆ ಇದೇ ಗತಿ" ಅಂತ ಮಾತು ಮುಗಿಸುತ್ತಾರೆ. ನನಗೆ ಈ ಆಟ ತುಂಬಾ ಇಷ್ಟ, ಆದರೆ ಈ ತೀರ್ಪು ಒಪ್ಪಿಗೆಯಿಲ್ಲ. ಬಿ3ಗೂ ಸೋಲಿಗೂ ಮಧ್ಯೆ ಎಷ್ಟೋ ನಡೆಗಳಿವೆ, ಅವುಗಳಲ್ಲಿ ಒಂದೊಂದಕ್ಕೂ ಸ್ಪಾಸ್ಕಿ ಸರಿಯಾದ ಉತ್ತರ ಕೊಟ್ಟಿದ್ದಾರೆ. ಅದನ್ನೆಲ್ಲ ಬಿಟ್ಟು ಮೊದಲ ನಡೆಯ ಮೇಲೆ ತಪ್ಪು ಹೊರಿಸಿದರೆ ಆಟದಿಂದ ಕಲಿಯುವುದು ಏನೂ ಉಳಿಯುವುದಿಲ್ಲ. ಅದಕ್ಕೇ ಇಡೀ ಆಟವನ್ನು ನಡೆ ನಡೆಯಾಗಿ ಬಿಡಿಸಿ ಬರೆಯುತ್ತಿದ್ದೇನೆ. ಬೋರ್ಡ್ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಮೊದಲು ಹಿನ್ನೆಲೆ. 1970ರ ಮಾರ್ಚ್ ಕೊನೆಗೆ ಶುರುವಾಗಿ ಏಪ್ರಿಲ್ ಮೊದಲ ವಾರದವರೆಗೆ ಯುಗೊಸ್ಲಾವಿಯಾದ ಬೆಲ್‌ಗ್ರೇಡ್‌ನಲ್ಲಿ ಒಂದು ದೊಡ್ಡ ಪಂದ್ಯ ನಡೆಯಿತು. ಒಂದು ಕಡೆ ಸೋವಿಯತ್ ಒಕ್ಕೂಟ, ಇನ್ನೊಂದು ಕಡೆ ಉಳಿದ ಪ್ರಪಂಚ. 10 ಬೋರ್ಡ್, 4 ಸುತ್ತು, ಒಟ್ಟು 40 ಆಟ. ಸೋವಿಯತ್ ತಂಡದಲ್ಲಿ ಸ್ಪಾಸ್ಕಿ, ಪೆಟ್ರೋಸಿಯನ್, ಸ್ಮಿಸ್ಲೋವ್, ತಾಲ್, ಬೋಟ್ವಿನಿಕ್ ಇದ್ದರು. ಅಂದರೆ ಐದು ಜನ ವಿಶ್ವ ಚಾಂಪಿಯನ್‌ಗಳು, ಒಬ್ಬರು ಹಾಲಿ, ನಾಲ್ವರು ಮಾಜಿ. ಇಂಥ ತಂಡದ ಎದುರು ಯಾರು ನಿಲ್ಲುತ್ತಾರೆ ಅನ್ನಿಸುತ್ತದೆ ಅಲ್ವಾ? ಆದರೆ ಕೊನೆಗೆ ಬಂದ ಅಂಕ 20.5–19.5. ಸೋವಿಯತ್ ತಂಡ ಒಂದೇ ಒಂದು ಅಂಕದಿಂದ ಗೆದ್ದಿತು.

ಉಳಿದ ಪ್ರಪಂಚದ ಕಡೆ ಮೊದಲ ಬೋರ್ಡ್ ಯಾರದು ಅನ್ನುವುದೇ ದೊಡ್ಡ ಜಗಳವಾಗಿತ್ತು. ಎಲ್ಲರೂ ಅಂದುಕೊಂಡದ್ದು ಬಾಬಿ ಫಿಶರ್. ಆದರೆ ಡೆನ್ಮಾರ್ಕ್‌ನ ಬೆಂಟ್ ಲಾರ್ಸನ್ ಒಪ್ಪಲಿಲ್ಲ. ಫಿಶರ್ ಬಹಳ ದಿನದಿಂದ ದೊಡ್ಡ ಟೂರ್ನಿ ಆಡಿಲ್ಲ, ಈಚಿನ ವರ್ಷಗಳಲ್ಲಿ ಗೆದ್ದಿರುವುದು ನಾನು, ಆದ್ದರಿಂದ ಮೊದಲ ಬೋರ್ಡ್ ನನಗೇ ಸೇರಬೇಕು ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿತ್ತು. 1967ರಲ್ಲಿ ಟುನೀಶಿಯಾದ ಸೂಸ್‌ನಲ್ಲಿ ಇಂಟರ್‌ಜೋನಲ್ (ವಿಶ್ವ ಚಾಂಪಿಯನ್ ಪಟ್ಟದ ಅರ್ಹತಾ ಟೂರ್ನಿ) ಗೆದ್ದವರು ಲಾರ್ಸನ್, ವರ್ಷದ ಶ್ರೇಷ್ಠ ಆಟಗಾರರಿಗೆ ಕೊಡಲು ಅದೇ ವರ್ಷ ಶುರುವಾದ ಚೆಸ್ ಆಸ್ಕರ್ ಪ್ರಶಸ್ತಿಯ ಮೊದಲ ವಿಜೇತರೂ ಅವರೇ. ಆಶ್ಚರ್ಯ ಅಂದರೆ ಫಿಶರ್ ಒಪ್ಪಿಕೊಂಡು ಎರಡನೇ ಬೋರ್ಡ್‌ಗೆ ಹೋದರು, ಅಲ್ಲಿ ಪೆಟ್ರೋಸಿಯನ್ ಅವರನ್ನು 3–1 ಅಂತರದಲ್ಲಿ ಸೋಲಿಸಿದರು. ಲಾರ್ಸನ್ ಕೇಳಿದ ಮೊದಲ ಬೋರ್ಡ್ ಲಾರ್ಸನ್‌ಗೇ ಸಿಕ್ಕಿತು. ಎದುರಿಗೆ 1969ರಲ್ಲಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಬೋರಿಸ್ ಸ್ಪಾಸ್ಕಿ.

ಮೊದಲ ಸುತ್ತು ಡ್ರಾ. ಎರಡನೇ ಸುತ್ತಿನಲ್ಲಿ ಲಾರ್ಸನ್‌ಗೆ ಬಿಳಿ ಕಾಯಿ.

ಆಟ ಪೂರ್ತಿ ಹೀಗಿದೆ. ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್. ಮನೆಯ ಹೆಸರಿನಲ್ಲಿ ಅಕ್ಷರ ಉದ್ದ ಸಾಲಿನದು (ಬಿಳಿಯ ಎಡದಿಂದ ಎ–ಎಚ್), ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡ ಸಾಲಿನದು. ಪ್ರತಿ ಸಂಖ್ಯೆಯ ನಂತರ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು. ಕ್ಯಾಸಲಿಂಗ್ ಅಂದರೆ ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಒಟ್ಟಿಗೆ ಸರಿಯುವುದು. ಕಾಯಿಯ ಹೆಸರಿಲ್ಲದೆ ಮನೆ ಮಾತ್ರ ಬರೆದಿದ್ದರೆ ಅದು ಕಾಲಾಳಿನ ನಡೆ.

1. ಬಿ3 ಇ5 2. ಒಂಟೆ ಬಿ2 ಕುದುರೆ ಸಿ6 3. ಸಿ4 ಕುದುರೆ ಎಫ್6 4. ಕುದುರೆ ಎಫ್3 ಇ4 5. ಕುದುರೆ ಡಿ4 ಒಂಟೆ ಸಿ5 6. ಕುದುರೆ ಸಿ6ರಲ್ಲಿ ಕಡಿತ, ಡಿ ಕಾಲಾಳು ಸಿ6ರಲ್ಲಿ ಕಡಿತ 7. ಇ3 ಒಂಟೆ ಎಫ್5 8. ರಾಣಿ ಸಿ2 ರಾಣಿ ಇ7 9. ಒಂಟೆ ಇ2, ಕಪ್ಪು ರಾಣಿ ಕಡೆಗೆ ಕ್ಯಾಸಲಿಂಗ್ 10. ಎಫ್4 ಕುದುರೆ ಜಿ4 11. ಜಿ3 ಎಚ್5 12. ಎಚ್3 ಎಚ್4 13. ಎಚ್ ಕಾಲಾಳು ಜಿ4ರಲ್ಲಿ ಕಡಿತ, ಎಚ್ ಕಾಲಾಳು ಜಿ3ರಲ್ಲಿ ಕಡಿತ 14. ಆನೆ ಜಿ1 ಆನೆ ಎಚ್1 15. ಆನೆ ಎಚ್1ರಲ್ಲಿ ಕಡಿತ, ಜಿ2 16. ಆನೆ ಎಫ್1 ರಾಣಿ ಎಚ್4 ಚೆಕ್ 17. ರಾಜ ಡಿ1, ಜಿ ಕಾಲಾಳು ಎಫ್1ರಲ್ಲಿ ಕಡಿದು ರಾಣಿಯಾಗಿ ಚೆಕ್. ಬಿಳಿ ಸೋಲೊಪ್ಪಿತು.

ಈಗ ಒಂದೊಂದಾಗಿ ನೋಡೋಣ.

ಬಿ3 ಏಕೆ ಆಡುತ್ತಾರೆ? ಬೋರ್ಡ್‌ನ ನಡುವಿನ ನಾಲ್ಕು ಮನೆಗಳನ್ನು ಕಾಲಾಳು ಇಟ್ಟು ಹಿಡಿಯುವ ಬದಲು ದೂರದಿಂದ ಒಂಟೆಯ ಕಣ್ಣು ಇಟ್ಟು ಕಾಯುವುದು. ಒಂಟೆ ಬಿ2ಕ್ಕೆ ಬಂದರೆ ಅದರ ದಾರಿ ಓರೆಯಾಗಿ ನೇರ ಜಿ7 ತನಕ ಹೋಗುತ್ತದೆ. ಎದುರಾಳಿ ನಡುವೆ ಕಾಲಾಳು ಇಡಲಿ, ಆಮೇಲೆ ಅದನ್ನೇ ಗುರಿ ಮಾಡಿ ಹೊಡೆಯೋಣ ಅನ್ನುವ ಲೆಕ್ಕ. ಆರನ್ ನಿಮ್ಜೊವಿಚ್ ಈ ರೀತಿ ಯೋಚಿಸಿದವರಲ್ಲಿ ದೊಡ್ಡ ಹೆಸರು. ಅವರು ತಮ್ಮ ಕೊನೆಯ ವರ್ಷಗಳನ್ನು ಡೆನ್ಮಾರ್ಕ್‌ನಲ್ಲೇ ಕಳೆದು 1935ರ ಮಾರ್ಚ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ತೀರಿಕೊಂಡರು. ಅದೇ ತಿಂಗಳು ಅದೇ ದೇಶದಲ್ಲಿ ಲಾರ್ಸನ್ ಹುಟ್ಟಿದ್ದು. ಈಗ ಈ ಓಪನಿಂಗ್‌ಗೆ (ಆಟದ ಆರಂಭದ ನಡೆಗಳಿಗೆ) ಇಬ್ಬರ ಹೆಸರೂ ಸೇರಿಸಿ ನಿಮ್ಜೊವಿಚ್–ಲಾರ್ಸನ್ ದಾಳಿ ಅಂತಾರೆ.

ಲಾರ್ಸನ್‌ಗೆ ಇಂಥದ್ದೆಲ್ಲ ಹಿಡಿಸುತ್ತಿತ್ತು. ಎಲ್ಲರೂ ಓದಿಕೊಂಡು ಬಂದ ದಾರಿಯಲ್ಲಿ 15 ನಡೆ ಉರು ಹೊಡೆದು ಆಡುವುದು ಅವರ ಜಾಯಮಾನವಲ್ಲ. ಎದುರಾಳಿಯನ್ನು ಗೊತ್ತಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಿ ಅಲ್ಲಿ ಹೋರಾಡಬೇಕು. ವಿಶ್ವ ಚಾಂಪಿಯನ್ ಎದುರು, ಮೊದಲ ಬೋರ್ಡ್‌ನಲ್ಲಿ, ಇಡೀ ಚೆಸ್ ಲೋಕ ನೋಡುತ್ತಿರುವಾಗ ಬಿ3 ಆಡುವುದಕ್ಕೆ ಧೈರ್ಯ ಬೇಕು. ಆ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ಸ್ಪಾಸ್ಕಿ ಇ5 ಆಡಿದರು, ಕುದುರೆ ಸಿ6ಕ್ಕೆ ತಂದು ಆ ಕಾಲಾಳನ್ನು ಕಾಪಾಡಿದರು. ಇಲ್ಲಿಯವರೆಗೆ ಏನೂ ವಿಶೇಷವಿಲ್ಲ. ಲಾರ್ಸನ್ ಸಿ4 ಆಡಿದರು, ಅದೂ ಸರಿಯೇ. ತೊಂದರೆ ಶುರುವಾಗುವುದು ನಾಲ್ಕನೇ ನಡೆಯಲ್ಲಿ.

ಕುದುರೆ ಎಫ್3. ಬಿ2ರ ಒಂಟೆಯ ಜೊತೆಗೆ ಕುದುರೆಯೂ ಈಗ ಇ5ರ ಕಾಲಾಳನ್ನು ಹೊಡೆಯುತ್ತದೆ. ಹೊಡೆಯುವವರು ಇಬ್ಬರು, ಕಾಯುವವರು ಒಬ್ಬರು. ಸ್ಪಾಸ್ಕಿ ಏನಾದರೂ ಮಾಡಲೇಬೇಕು. ಅವರು ಮಾಡಿದ್ದು ಅತಿ ಸಹಜವಾದ ಕೆಲಸ: ಕಾಲಾಳನ್ನು ಇ4ಕ್ಕೆ ತಳ್ಳಿ ಕುದುರೆಯನ್ನೇ ಓಡಿಸಿದರು. ಇದು ಲಾರ್ಸನ್‌ಗೆ ಗೊತ್ತಿರಲಿಲ್ಲ ಅಂತಲ್ಲ. ಅವರು ಕರೆದದ್ದೇ ಅದನ್ನು. ಇ4ರವರೆಗೆ ಮುಂದೆ ಬಂದ ಕಾಲಾಳು ಆಮೇಲೆ ಒಂಟಿಯಾಗಿ ಸಿಕ್ಕಿಬೀಳುತ್ತದೆ ಅನ್ನುವುದು ಲೆಕ್ಕ. ಅಲೆಖಿನ್ ಡಿಫೆನ್ಸ್ ಅನ್ನುವ ಓಪನಿಂಗ್ ಆಡುವವರು ಕಪ್ಪು ಕಾಯಿಯಲ್ಲಿ ಮಾಡುವುದೂ ಇದನ್ನೇ. ಆದರೆ ಆ ಕಾಲಾಳು ಸಿಕ್ಕಿಬೀಳಬೇಕಾದರೆ ಡಿ3 ಆಡಿ ಅದನ್ನು ಕೆಣಕಬೇಕು. ಲಾರ್ಸನ್ ಅದನ್ನು ಕೊನೆಯವರೆಗೂ ಆಡಲಿಲ್ಲ. ಅವರ ಡಿ ಕಾಲಾಳು ಆಟ ಮುಗಿಯುವಾಗಲೂ ಡಿ2ರಲ್ಲೇ ಕೂತಿತ್ತು. ನನ್ನ ಮಟ್ಟಿಗೆ ಇಡೀ ಆಟದ ಕೀಲಿ ಇದು. ಇ4ರ ಆ ಕಾಲಾಳು ಬಿಳಿ ಕಾಯಿಗಳ ಮಧ್ಯೆ ಅಡ್ಡ ಗೋಡೆಯಾಗಿ ನಿಂತಿತು, ಎಫ್3 ಮನೆ ಕುದುರೆಗೆ ಮತ್ತೆ ಸಿಗಲಿಲ್ಲ, ರಾಜನ ಸುತ್ತ ಕಾವಲಿಗೆ ಒಂದು ಕುದುರೆಯೂ ಉಳಿಯಲಿಲ್ಲ.

ಕುದುರೆ ಡಿ4ಕ್ಕೆ ಹೋಯಿತು. ಸ್ಪಾಸ್ಕಿ ಅದನ್ನು ಕಡಿಯಲಿಲ್ಲ. ಕಡಿದಿದ್ದರೆ ಬಿ2ರ ಒಂಟೆ ಡಿ4ಕ್ಕೆ ಬಂದು ಚೆನ್ನಾಗಿ ಕೂರುತ್ತಿತ್ತು. ಅದರ ಬದಲು ಒಂಟೆ ಸಿ5ಕ್ಕೆ ತಂದರು. ಈಗ ಡಿ4ರ ಕುದುರೆಯ ಮೇಲೆ ಎರಡು ಕಾಯಿಗಳ ದಾಳಿ, ಕಾಪಾಡಲು ಒಂದೇ ಒಂಟೆ. ಲಾರ್ಸನ್ ಸಿ6ರ ಕುದುರೆಯನ್ನು ಕಡಿದು ಆ ತೊಂದರೆಯಿಂದ ಪಾರಾದರು. ಲೆಕ್ಕ ಹಾಕಿ: ಮೊದಲ ಆರು ನಡೆಗಳಲ್ಲಿ ಮೂರು ಈ ಒಂದೇ ಕುದುರೆಯದು, ಮತ್ತು ಅದೀಗ ಬೋರ್ಡ್ ಮೇಲೇ ಇಲ್ಲ. ಮೂರು ನಡೆ ಖರ್ಚು ಮಾಡಿ ಎದುರಾಳಿಯ ಒಂದು ನಡೆಯ ಕುದುರೆಯನ್ನು ಕೊಂಡಂತಾಯಿತು.

ಇಲ್ಲಿ ಸ್ಪಾಸ್ಕಿ ಡಿ ಕಾಲಾಳಿನಿಂದ ಕಡಿದರು. ಕಾಲಾಳು ಕಡಿಯುವಾಗ ನಡುವಿನ ಕಡೆಗೆ ಕಡಿಯಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಆ ಪ್ರಕಾರ ಬಿ ಕಾಲಾಳಿನಿಂದ ಕಡಿಯಬೇಕಿತ್ತು. ಆದರೆ ಡಿ ಕಾಲಾಳು ಹೊರಟರೆ ಸಿ8ರ ಒಂಟೆಗೆ ದಾರಿ ಸಿಗುತ್ತದೆ, ಕಪ್ಪಿಗೆ ಡಿ ಸಾಲು ತೆರೆಯುತ್ತದೆ, ಆ ಸಾಲಿನ ತುದಿಯಲ್ಲಿ ಡಿ2ರ ಕಾಲಾಳು ಸಿಕ್ಕಿಕೊಳ್ಳುತ್ತದೆ. ಸಿ6, ಸಿ7ರಲ್ಲಿ ಎರಡು ಕಾಲಾಳು ಒಂದರ ಹಿಂದೆ ಒಂದು ನಿಂತದ್ದು ನೋಡಲು ಚಂದವಿಲ್ಲ, ಅಷ್ಟೇ. ಎಂಡ್‌ಗೇಮ್ (ಕಾಯಿಗಳು ಕಡಿಮೆಯಾದ ಕೊನೆಯ ಹಂತ) ತನಕ ಹೋದರೆ ತಾನೇ ಅದು ತೊಂದರೆ? ಸ್ಪಾಸ್ಕಿಗೆ ಅಷ್ಟು ದೂರ ಹೋಗುವ ಯೋಚನೆಯೇ ಇರಲಿಲ್ಲ. ನಿಯಮ ಯಾವಾಗ ಮುರಿಯಬೇಕು ಅನ್ನುವುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಮುಂದಿನ ಮೂರು ನಡೆ ಬೇಗ ನೋಡಿಬಿಡೋಣ. ಲಾರ್ಸನ್ ಇ3 ಆಡಿ ಸಿ5ರ ಒಂಟೆಯ ದಾರಿ ಮುಚ್ಚಿದರು, ರಾಣಿಯನ್ನು ಸಿ2ಕ್ಕೆ ತಂದು ಇ4ರ ಮೇಲೆ ಕಣ್ಣಿಟ್ಟರು, ಒಂಟೆ ಇ2ಕ್ಕೆ ಬಂತು. ಸ್ಪಾಸ್ಕಿ ಒಂಟೆ ಎಫ್5, ರಾಣಿ ಇ7, ಆಮೇಲೆ ರಾಣಿಯ ಕಡೆಗೆ ಕ್ಯಾಸಲಿಂಗ್. ಒಂಬತ್ತು ನಡೆ ಆದಾಗ ಬೋರ್ಡ್ ನೋಡಿ. ಕಪ್ಪಿನ ಎರಡೂ ಒಂಟೆ, ಉಳಿದ ಕುದುರೆ, ರಾಣಿ ಎಲ್ಲ ಹೊರಗೆ ಬಂದಿವೆ. ಒಂದು ಆನೆ ಡಿ8ರಿಂದ ಡಿ2ರ ಮೇಲೆ ಕಣ್ಣಿಟ್ಟಿದೆ. ಇನ್ನೊಂದು ಆನೆ ಎಚ್8ರಲ್ಲೇ ಇದೆ, ಆದರೆ ಅದು ಸುಮ್ನೆ ಕೂತದ್ದಲ್ಲ. ಎಚ್ ಕಾಲಾಳು ಓಡಲು ಶುರು ಮಾಡಿದರೆ ಆ ಆನೆ ಹಿಂದಿನಿಂದ ತಳ್ಳಲು ಸಿದ್ಧ. ರಾಜನ ಕಡೆಗೆ ಕ್ಯಾಸಲಿಂಗ್ ಮಾಡಿದ್ದರೆ ಇದು ಸಾಧ್ಯವೇ ಇರಲಿಲ್ಲ. ಬಿಳಿಯ ಕಡೆ? ಬಿ1ರ ಕುದುರೆ ಮನೆಯಲ್ಲಿ, ಎರಡೂ ಆನೆ ಮನೆಯಲ್ಲಿ, ರಾಜ ಇ1ರಲ್ಲಿ. ಬಿ1ರ ಕುದುರೆ ಮತ್ತು ಎ1ರ ಆನೆ ಈ ಆಟದಲ್ಲಿ ಒಮ್ಮೆಯೂ ಅಲುಗಾಡಲಿಲ್ಲ.

ಹತ್ತನೇ ನಡೆ, ಎಫ್4. ಇಲ್ಲಿ ಒಂದು ಸಣ್ಣ ಬಲೆ ಇದೆ, ಹೊಸಬರು ನೋಡಲೇಬೇಕಾದದ್ದು. ಬಿಳಿ ಕಾಲಾಳು ಎರಡು ಮನೆ ಹಾರಿದ್ದರಿಂದ ಇ4ರ ಕಪ್ಪು ಕಾಲಾಳು ಅದನ್ನು ಆನ್ ಪಾಸಾಂಟ್ ಆಗಿ ಎಫ್3ರಲ್ಲಿ ಕಡಿಯಬಹುದು. ಈ ಸ್ಥಿತಿಯಲ್ಲಿ ಬೋರ್ಡ್ ನಿಲ್ಲಿಸಿ ಕೇಳಿದರೆ ಜಾಸ್ತಿ ಜನ ಕಡಿಯುತ್ತೇನೆ ಅನ್ನುತ್ತಾರೆ, ಏಕೆಂದರೆ ಎಫ್5ರ ಒಂಟೆಯ ದಾರಿ ಸಿ2ರ ರಾಣಿಯ ಕಡೆಗೆ ತೆರೆಯುತ್ತದೆ. ಆದರೆ ದಾರಿ ಎರಡೂ ಕಡೆಗೆ ತೆರೆಯುತ್ತದೆ. ಈಗ ಬಿಳಿಯ ಸರದಿ, ರಾಣಿ ನೇರ ಹೋಗಿ ಎಫ್5ರ ಒಂಟೆಯನ್ನು ಕಡಿಯುತ್ತದೆ, ಅದೂ ಸಿ8ರ ರಾಜನಿಗೆ ಚೆಕ್ ಕೊಟ್ಟು. ಒಂಟೆ ಹೋಯಿತು. ಇಷ್ಟು ನೋಡಿಕೊಂಡೇ ಲಾರ್ಸನ್ ಎಫ್4 ಆಡಿರಬೇಕು. ಇ5 ಮನೆಯೂ ಕಪ್ಪಿಗೆ ಸಿಗದಂತಾಗುತ್ತದೆ.

ಆದರೆ ಎಫ್ ಕಾಲಾಳು ಎರಡನೇ ಸಾಲು ಬಿಟ್ಟ ಕೂಡಲೇ ಎಚ್4ರಿಂದ ಇ1ರವರೆಗಿನ ಓರೆ ದಾರಿ ಬಾಯಿ ತೆರೆಯಿತು. ಆ ದಾರಿಯ ತುದಿಯಲ್ಲಿ ಬಿಳಿ ರಾಜ. ಕ್ಯಾಸಲಿಂಗ್ ಆಗದ ರಾಜನ ಮುಂದಿನ ಎಫ್ ಕಾಲಾಳನ್ನು ಕದಲಿಸುವಾಗ ಎಷ್ಟು ಯೋಚಿಸಿದರೂ ಸಾಲದು. ಸ್ಪಾಸ್ಕಿ ತಕ್ಷಣ ಕುದುರೆಯನ್ನು ಜಿ4ಕ್ಕೆ ಹಾರಿಸಿದರು. ಎಫ್6 ಖಾಲಿಯಾದ್ದರಿಂದ ಇ7ರ ರಾಣಿಗೆ ಎಚ್4 ತನಕ ದಾರಿ ಆಯಿತು. ಅದೇ ಖಾಲಿ ಮನೆಯಿಂದ ಬಿ2ರ ಒಂಟೆಗೂ ಜಿ7 ಕಾಣುತ್ತದೆ, ಅದೂ ನಿಜ. ಆದರೆ ರಾಜನಿಗೇ ಬೆಂಕಿ ಬಿದ್ದಿರುವಾಗ ಮೂಲೆಯ ಕಾಲಾಳು ಕಡಿಯಲು ಯಾರಿಗೆ ಪುರುಸೊತ್ತು? ಲಾರ್ಸನ್ ಜಿ3 ಆಡಿ ಎಚ್4 ಚೆಕ್ ತಡೆದರು.

ಸ್ಪಾಸ್ಕಿ ಎಚ್5. ಲಾರ್ಸನ್ ಎಚ್3, "ಕುದುರೆ, ಹೊರಡು" ಅಂತ.

ಕುದುರೆ ಹೊರಡಲಿಲ್ಲ. ಸ್ಪಾಸ್ಕಿ ಎಚ್4 ಆಡಿದರು. ಕುದುರೆಯನ್ನು ಕಡಿಯುವುದಿದ್ದರೆ ಕಡಿ, ನನಗೆ ಬೇಕಿರುವುದು ಎಚ್ ಸಾಲು ಮತ್ತು ಜಿ3ರ ಕಾಲಾಳು. ಲಾರ್ಸನ್ ಕುದುರೆ ಕಡಿದರು, ಸ್ಪಾಸ್ಕಿ ಜಿ3ರಲ್ಲಿ ಕಡಿದರು. ಈಗ ಎಚ್ ಸಾಲಿನಲ್ಲಿ ಒಂದೂ ಕಾಲಾಳಿಲ್ಲ, ಎಚ್8ರ ಆನೆ ಎಚ್1ರ ಆನೆಯನ್ನು ದಿಟ್ಟಿಸುತ್ತಿದೆ. ಕಪ್ಪು ಕಾಲಾಳು ಜಿ3ರಲ್ಲಿ, ರಾಣಿಯಾಗಲು ಎರಡೇ ಮೆಟ್ಟಿಲು. ಆನೆಗೆ ಆನೆ ಬದಲಾಯಿಸಿ, ಆಮೇಲೆ ಎಫ್5ರ ಒಂಟೆಯನ್ನು ಕಡಿದುಬಿಡಬಹುದಿತ್ತಲ್ಲ ಅಂತ ಕೇಳಬಹುದು. ಆಗ ಕಪ್ಪಿನ ಎರಡನೇ ಆನೆ ಎಚ್1ಕ್ಕೆ ಬಂದು ಚೆಕ್ ಕೊಡುತ್ತದೆ, ಬಿಳಿ ಒಂಟೆ ಎಫ್1ಕ್ಕೆ ಬಂದು ಅಡ್ಡ ನಿಲ್ಲಬೇಕು, ಕಾಲಾಳು ಜಿ2ಕ್ಕೆ ನುಗ್ಗುತ್ತದೆ. ಆ ಒಂಟೆ ರಾಜನ ಮುಂದೆ ಕಟ್ಟಿಬಿದ್ದಿರುವುದರಿಂದ (ಸರಿದರೆ ರಾಜನಿಗೆ ಚೆಕ್) ಜಿ2ರ ಕಾಲಾಳನ್ನು ಕಡಿಯಲಾಗದು. ಅಲ್ಲಿಗೆ ಕಥೆ ಮುಗಿಯಿತು. ಹಾಗಾಗಿ ಲಾರ್ಸನ್ ಆನೆಯನ್ನು ಜಿ1ಕ್ಕೆ ಸರಿಸಿದರು. ಆ ಆನೆ ಜಿ1, ಜಿ2 ಎರಡನ್ನೂ ಕಾಯುತ್ತದೆ. ಸ್ಪಾಸ್ಕಿ ಒಂದು ಕುದುರೆ ಕಳೆದುಕೊಂಡಿದ್ದಾರೆ, ಎಫ್5ರ ಒಂಟೆಯ ಮೇಲೆ ಜಿ4ರ ಕಾಲಾಳಿನ ದಾಳಿಯೂ ಇದೆ. ಮೇಲ್ನೋಟಕ್ಕೆ ಬಿಳಿ ಹೇಗೋ ಬಚಾವಾದಂತೆ ಕಾಣುತ್ತದೆ.

ಆಗ ಬಂತು ಹದಿನಾಲ್ಕನೇ ನಡೆ. ಆನೆ ಎಚ್1.

ಈ ನಡೆಯನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ ಅನ್ನುತ್ತದೆ. ಆನೆ ಎಂಟನೇ ಸಾಲಿನಿಂದ ಹೊರಟು ಇಡೀ ಬೋರ್ಡ್ ದಾಟಿ ಎದುರಾಳಿಯ ಮೂಲೆಗೆ ಬಂದು, ಜಿ1ರ ಆನೆಯ ಪಕ್ಕದಲ್ಲೇ, ಯಾವ ಕಾವಲೂ ಇಲ್ಲದೆ ನಿಲ್ಲುತ್ತದೆ. ಕಡಿಯುವುದು ಬಿಟ್ಟು ಬಿಳಿಗೆ ಬೇರೆ ಒಳ್ಳೆಯ ದಾರಿಯಿಲ್ಲ, ಇಲ್ಲದಿದ್ದರೆ ಆ ಆನೆಯೇ ಜಿ1ರಲ್ಲಿ ಚೆಕ್ ಕೊಟ್ಟು ಕಡಿಯುತ್ತದೆ. ಇಷ್ಟು ದೊಡ್ಡ ಕಾಯಿಯನ್ನು ಕೊಟ್ಟು ಸ್ಪಾಸ್ಕಿ ಪಡೆದದ್ದು ಏನು? ಒಂದೇ ಒಂದು ನಡೆಯ ಸಮಯ. ಬಿಳಿ ಆನೆ ಜಿ1ರಲ್ಲಿ ಇರುವವರೆಗೆ ಜಿ2ಕ್ಕೆ ಕಾಲಾಳು ನುಗ್ಗಿದರೆ ಆನೆ ಅದನ್ನು ಕಡಿದುಹಾಕುತ್ತದೆ. ಆನೆಯನ್ನು ಎಚ್1ಕ್ಕೆ ಎಳೆದರೆ ಜಿ2 ಸುರಕ್ಷಿತ, ಅಷ್ಟೇ ಅಲ್ಲ, ಅಲ್ಲಿಂದ ಆ ಕಾಲಾಳು ಎಚ್1ರ ಆನೆಯನ್ನೂ ಹೆದರಿಸುತ್ತದೆ, ಜಿ1ರಲ್ಲಿ ರಾಣಿಯಾಗುವುದಕ್ಕೂ ನೋಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಷ್ಟು ಹೊತ್ತು ಎಚ್4ರಿಂದ ಇ1ಕ್ಕೆ ಹೋಗುವ ಓರೆ ದಾರಿಗೆ ಅಡ್ಡ ನಿಂತಿದ್ದು ಜಿ3ರ ಆ ಕಾಲಾಳೇ. ಅದು ಜಿ2ಕ್ಕೆ ಹೋದರೆ ದಾರಿಯೂ ತೆರೆಯಿತು. ಒಂದೇ ಹೆಜ್ಜೆಗೆ ಮೂರು ಕೆಲಸ.

ಲಾರ್ಸನ್ ಕಡಿದರು, ಕಾಲಾಳು ಜಿ2ಕ್ಕೆ ಬಂತು. ಈ ಗಳಿಗೆಯಲ್ಲಿ ಬಿಳಿಯ ಹತ್ತಿರ ಪೂರ್ತಿ ಒಂದು ಆನೆ, ಒಂದು ಕುದುರೆ ಜಾಸ್ತಿ ಇದೆ, ಎಫ್5ರ ಒಂಟೆಯನ್ನೂ ಬಿಳಿ ಕಡಿಯಬಹುದು. ಆದರೂ ಆಟ ಸೋತಿದೆ. ಆನೆ ಜಿ1ಕ್ಕೆ ವಾಪಸ್ ಹೋದರೆ ರಾಣಿ ಎಚ್4ರಲ್ಲಿ ಚೆಕ್, ರಾಜ ಡಿ1ಕ್ಕೆ ಓಡಬೇಕು, ರಾಣಿ ಎಚ್1ಕ್ಕೆ ಇಳಿದು ಜಿ1ರ ಆನೆಯನ್ನು ರಾಜನ ಜೊತೆ ಕಟ್ಟಿಹಾಕಿ ಆಮೇಲೆ ಚೆಕ್ ಕೊಟ್ಟೇ ಕಡಿಯುತ್ತದೆ. ಲಾರ್ಸನ್ ಆನೆಯನ್ನು ಎಫ್1ಕ್ಕೆ ಇಟ್ಟರು. ರಾಣಿ ಎಚ್4 ಚೆಕ್, ರಾಜ ಡಿ1, ಕಾಲಾಳು ಎಫ್1ರ ಆನೆಯನ್ನು ಕಡಿದು ರಾಣಿಯಾಗಿ ಮತ್ತೆ ಚೆಕ್. ಲಾರ್ಸನ್ ಇಲ್ಲಿಗೆ ಕೈ ಚಾಚಿದರು.

ಮುಂದೆ ಏನಾಗುತ್ತಿತ್ತು ಅನ್ನುವುದನ್ನೂ ಬೋರ್ಡ್ ಮೇಲೆ ಆಡಿ ನೋಡಿ, ತುಂಬಾ ಚೆನ್ನಾಗಿದೆ. ಇ2ರ ಒಂಟೆ ಎಫ್1ರ ಹೊಸ ರಾಣಿಯನ್ನು ಕಡಿಯಲೇಬೇಕು. ಕಡಿದ ತಕ್ಷಣ ಇ2 ಖಾಲಿ, ಎಫ್5ರ ಒಂಟೆ ಜಿ4ರ ಕಾಲಾಳನ್ನು ಕಡಿದು ಚೆಕ್ ಕೊಡುತ್ತದೆ. ಒಂಟೆಯನ್ನು ಇ2ಕ್ಕೆ ವಾಪಸ್ ತಂದು ಅಡ್ಡ ಇಟ್ಟರೆ ರಾಣಿ ಎಚ್1ರಲ್ಲಿ ಚೆಕ್‌ಮೇಟ್, ಏಕೆಂದರೆ ಆ ಒಂಟೆ ಈಗ ಕಟ್ಟಿಬಿದ್ದಿದೆ, ಮತ್ತೆ ಎಫ್1ಕ್ಕೆ ಬರುವ ಹಾಗಿಲ್ಲ. ರಾಜ ಸಿ1ಕ್ಕೆ ಓಡಿದರೆ ರಾಣಿ ಇ1ರಲ್ಲಿ ಚೆಕ್, ಬಿಳಿ ರಾಣಿ ಡಿ1ಕ್ಕೆ ಅಡ್ಡ ಬರಬೇಕು, ಅದನ್ನು ಕಡಿದು ಚೆಕ್‌ಮೇಟ್. ರಾಜನ ಸುತ್ತ ನೋಡಿ: ಬಿ1ರಲ್ಲಿ ತನ್ನದೇ ಕುದುರೆ, ಬಿ2ರಲ್ಲಿ ತನ್ನದೇ ಒಂಟೆ, ಡಿ2ರಲ್ಲಿ ತನ್ನದೇ ಕಾಲಾಳು. ಮೂರೂ ಅದೇ ಹಳೆಯ ತಪ್ಪುಗಳ ಸಾಕ್ಷಿ. ಹೊರಗೆ ಬರದ ಕುದುರೆ, ಮುಂದೆ ತಳ್ಳದ ಡಿ ಕಾಲಾಳು, ಅವೇ ರಾಜನ ದಾರಿ ಕಟ್ಟಿದವು.

ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹದಿಮೂರನೇ ನಡೆಯಲ್ಲಿ ಕಾಲಾಳಿನ ಬದಲು ಇ2ರ ಒಂಟೆಯಿಂದ ಕುದುರೆಯನ್ನು ಕಡಿದಿದ್ದರೆ? ಕಪ್ಪು ಒಂಟೆ ಆ ಒಂಟೆಯನ್ನು ಕಡಿಯುತ್ತದೆ, ಬಿಳಿ ಕಾಲಾಳು ಮತ್ತೆ ಕಡಿಯುತ್ತದೆ, ಎಚ್ ಕಾಲಾಳು ಜಿ3ಕ್ಕೆ, ಬಿಳಿ ಆನೆ ಜಿ1ಕ್ಕೆ. ಆಗಲೂ ಆನೆ ಎಚ್1 ಬಂದೇ ಬರುತ್ತದೆ, ಆಗಲೂ ಜಿ2, ಆಗಲೂ ರಾಣಿ ಎಚ್4 ಚೆಕ್. ಸ್ಪಾಸ್ಕಿ ಎಚ್4 ತಳ್ಳುವಾಗಲೇ ಈ ಎರಡು ದಾರಿಗಳನ್ನೂ ನೋಡಿರಲೇಬೇಕು ಅನ್ನಿಸುತ್ತದೆ ನನಗೆ. ಕುದುರೆ ಕೊಡುವುದು ಮತ್ತು ಆನೆ ಕೊಡುವುದು ಬೇರೆ ಬೇರೆ ಯೋಚನೆಗಳಲ್ಲ, ಒಂದೇ ಯೋಚನೆಯ ಎರಡು ತುದಿ.

ಹಾಗಾದರೆ ತಪ್ಪು ಎಲ್ಲಿ? ನನ್ನ ಪ್ರಕಾರ ಬಿ3 ತಪ್ಪಲ್ಲ, ಸಿ4 ಕೂಡ ತಪ್ಪಲ್ಲ. ನಾಲ್ಕನೇ ನಡೆಯ ಕುದುರೆ ಎಫ್3 ಅಪಾಯವನ್ನು ಕರೆಯಿತು, ಆದರೆ ಅಷ್ಟಕ್ಕೇ ಯಾರೂ 17 ನಡೆಗೆ ಸೋಲುವುದಿಲ್ಲ. ಇ4ರ ಕಾಲಾಳನ್ನು ಕರೆದ ಮೇಲೆ ಡಿ3 ಆಡಿ ಕೆಣಕದೆ ಬಿಟ್ಟದ್ದು ದೊಡ್ಡ ತಪ್ಪು. ಬಿ1ರ ಕುದುರೆ, ರಾಜ ಎರಡೂ ಮನೆಯಲ್ಲಿರುವಾಗ ಎಫ್4 ಆಡಿದ್ದು ಇನ್ನೂ ದೊಡ್ಡದು. ಎಚ್3 ಕೊನೆಯ ಬಾಗಿಲನ್ನೂ ತೆರೆದುಕೊಟ್ಟಿತು. ಹತ್ತು, ಹನ್ನೊಂದು, ಹನ್ನೆರಡು, ಮೂರೂ ನಡೆ ಎಫ್, ಜಿ, ಎಚ್ ಕಾಲಾಳುಗಳದು, ರಾಜನ ಕಡೆಯ ಬೇಲಿ ಪೂರ್ತಿ ಕಿತ್ತು ಹಾಕಿದ ಹಾಗೆ. ಇದನ್ನು ಯಾವ ಓಪನಿಂಗ್‌ನಲ್ಲಿ ಮಾಡಿದರೂ ಪೆಟ್ಟು ಬೀಳುತ್ತದೆ.

ಇದು ಬರೀ ನನ್ನ ಅಭಿಪ್ರಾಯ ಅನ್ನುವವರಿಗೆ ಅದೇ ವರ್ಷದ ಇನ್ನೊಂದು ಆಟ ತೋರಿಸುತ್ತೇನೆ. ಬೆಲ್‌ಗ್ರೇಡ್‌ನಲ್ಲಿ ಪಕ್ಕದ ಬೋರ್ಡ್‌ನಲ್ಲಿದ್ದ ಫಿಶರ್ ಇದ್ದಾರಲ್ಲ, ಇಷ್ಟು ದೊಡ್ಡ ಸೋಲು ನೋಡಿದ ಮೇಲೂ ಅವರು 1970ರಲ್ಲೇ ಮತ್ತೆ ಮತ್ತೆ ಬಿ3 ಆಡಿದರು. ಬ್ಯೂನಸ್ ಐರಿಸ್‌ನಲ್ಲಿ ತುಕ್ಮಾಕೋವ್ ಎದುರು, ಪಾಲ್ಮಾ ಇಂಟರ್‌ಜೋನಲ್‌ನಲ್ಲಿ ಮೆಕಿಂಗ್ ಮತ್ತು ಫಿಲಿಪ್ ಎದುರು, ಜರ್ಮನಿಯ ಸೀಗನ್‌ನಲ್ಲಿ ಸ್ವೀಡನ್‌ನ ಉಲ್ಫ್ ಆಂಡರ್ಸನ್ ಎದುರು. ನಾಲ್ಕೂ ಗೆದ್ದರು. ಇ4 ಬಿಟ್ಟರೆ ಬೇರೆ ನಡೆಯನ್ನೇ ಅಪರೂಪಕ್ಕೆ ಮುಟ್ಟುತ್ತಿದ್ದ ಮನುಷ್ಯ ಅವರು ಅನ್ನುವುದನ್ನು ನೆನಪಿಡಿ.

ಇವುಗಳಲ್ಲಿ ಸೀಗನ್ ಆಟ ನಮಗೆ ಬೇಕಾದದ್ದು, ಏಕೆಂದರೆ ಮೊದಲ ಮೂರು ನಡೆ ಲಾರ್ಸನ್ ಆಟದ್ದೇ: ಬಿ3 ಇ5, ಒಂಟೆ ಬಿ2 ಕುದುರೆ ಸಿ6, ಸಿ4 ಕುದುರೆ ಎಫ್6. ಬೋರ್ಡ್ ಮೇಲೆ ಒಂದು ಕಾಯಿಯೂ ಬೇರೆ ಜಾಗದಲ್ಲಿಲ್ಲ. ಇಲ್ಲಿ ಫಿಶರ್ ಕುದುರೆ ಮುಟ್ಟಲಿಲ್ಲ. ಇ3 ಆಡಿದರು. ಎಫ್3ರಲ್ಲಿ ಕುದುರೆಯೇ ಇಲ್ಲದ ಮೇಲೆ ಇ4 ತಳ್ಳಿ ಓಡಿಸುವುದು ಯಾರನ್ನು? ಆಮೇಲೆ ಎ3, ರಾಣಿ ಸಿ2, ಡಿ3. ಈಗ ಇ4 ಮನೆಯ ಮೇಲೆ ಡಿ3ರ ಕಾಲಾಳಿನ ಕಾವಲಿದೆ. ಇಷ್ಟೆಲ್ಲ ಭದ್ರ ಮಾಡಿಕೊಂಡು ಎಂಟನೇ ನಡೆಯಲ್ಲಿ ಕುದುರೆಯನ್ನು ಎಫ್3ಕ್ಕೆ ತಂದರು. ಲಾರ್ಸನ್ ನಾಲ್ಕನೇ ನಡೆಯಲ್ಲಿ ತಂದ ಅದೇ ಕುದುರೆ, ಅದೇ ಮನೆ. ಓಪನಿಂಗ್ ಒಂದೇ, ಕ್ರಮ ಬೇರೆ.

ಇದನ್ನೆಲ್ಲ ಹೇಳುವಾಗ ಲಾರ್ಸನ್‌ಗೆ ಅನ್ಯಾಯ ಆಗಬಾರದು. ಇಂಥ ಸೋಲಿನ ನಂತರ ಯಾರಾದರೂ ಕುಗ್ಗಿಹೋಗುತ್ತಾರೆ, ಅದೂ ಮೊದಲ ಬೋರ್ಡ್‌ಗಾಗಿ ಜಗಳವಾಡಿ ಕೂತವರು. ಮೂರನೇ ಸುತ್ತಿನಲ್ಲಿ ಲಾರ್ಸನ್ ಕಪ್ಪು ಕಾಯಿಯಲ್ಲಿ ಅದೇ ಸ್ಪಾಸ್ಕಿಯನ್ನು ಸೋಲಿಸಿದರು. ನಾಲ್ಕನೇ ಸುತ್ತಿಗೆ ಸೋವಿಯತ್ ತಂಡ ಸ್ಪಾಸ್ಕಿ ಬದಲು ಲಿಯೊನಿಡ್ ಸ್ಟೈನ್ ಅವರನ್ನು ಕೂರಿಸಿತು, ಅವರನ್ನೂ ಲಾರ್ಸನ್ ಸೋಲಿಸಿದರು. ನಾಲ್ಕು ಆಟದಲ್ಲಿ 2.5 ಅಂಕ. ಮೊದಲ ಬೋರ್ಡ್ ಕೇಳಿದ್ದು ಸುಮ್ನೆ ಅಲ್ಲ ಅಂತ ತೋರಿಸಿಯೇ ಎದ್ದರು. ಆದರೆ ಆ ಎರಡು ಗೆಲುವುಗಳ ನಡೆಗಳನ್ನು ಇವತ್ತು ಎಷ್ಟು ಜನ ಬಲ್ಲರು? 17 ನಡೆಯ ಸೋಲು ಮಾತ್ರ ಎಲ್ಲರ ಬಾಯಲ್ಲಿ. ಲಾರ್ಸನ್ 2010ರಲ್ಲಿ ತೀರಿಕೊಂಡರು, ಸ್ಪಾಸ್ಕಿ 2025ರ ಫೆಬ್ರವರಿಯಲ್ಲಿ.

ಬಿ3 ಈಗಲೂ ಜೀವಂತವಾಗಿದೆ. ಅಮೆರಿಕದ ಆಟಗಾರ ಹಿಕಾರು ನಕಮುರ ಆನ್‌ಲೈನ್ ಬ್ಲಿಟ್ಜ್‌ನಲ್ಲಿ (ಕೆಲವೇ ನಿಮಿಷಗಳ ವೇಗದ ಆಟ) ಎಷ್ಟೋ ಸಲ ಇದನ್ನೇ ಆಡುತ್ತಾರೆ, ಅದನ್ನು ನೋಡಿ ಆಡಲು ಶುರು ಮಾಡಿದ ನಮ್ಮ ಹುಡುಗರೂ ಬೇಕಾದಷ್ಟು ಜನ ಇದ್ದಾರೆ. ಆಡಿ, ತಪ್ಪೇನಿಲ್ಲ. ನಾಲ್ಕನೇ ನಡೆಯಲ್ಲಿ ಇ3 ಇಡಿ, ಕುದುರೆಗೆ ಆತುರ ಬೇಡ, ಬಿ1ರ ಕುದುರೆಯನ್ನು ಮರೆಯಬೇಡಿ. ಎದುರಾಳಿ ಬಿ3 ಆಡಿದರೆ ನಗುತ್ತಾ ಕೂರುವ ಬದಲು ಸ್ಪಾಸ್ಕಿ ಮಾಡಿದ್ದನ್ನು ಮಾಡಿ: ನಡುವಿನ ಮನೆ ಹಿಡಿಯಿರಿ, ಕುದುರೆ ಕರೆದರೆ ಇ4 ತಳ್ಳಿ, ಕಾಯಿಗಳನ್ನು ಬೇಗ ಹೊರಗೆ ತನ್ನಿ, ಎಚ್8ರ ಆನೆಯನ್ನು ಎಚ್ ಕಾಲಾಳಿನ ಹಿಂದೆಯೇ ಬಿಟ್ಟುಕೊಂಡು ಇನ್ನೊಂದು ಕಡೆಗೆ ಕ್ಯಾಸಲಿಂಗ್ ಮಾಡುವ ದಾರಿ ಇದೆಯಾ ನೋಡಿ. ಬಿಳಿ ಎಫ್4 ಆಡಿದ ದಿನ ರಾಣಿಗೆ ಎಚ್4 ತನಕ ದಾರಿ ಇದೆಯೇ ಅಂತ ಮೊದಲು ಲೆಕ್ಕ ಹಾಕಿ, ಆನ್ ಪಾಸಾಂಟ್ ಕಡಿಯಲು ಕೈ ಹೋಗುವ ಮುಂಚೆ ಎಫ್5ರಲ್ಲಿ ನಿಮ್ಮ ಒಂಟೆಗೆ ಕಾವಲಿದೆಯೇ ನೋಡಿಕೊಳ್ಳಿ.